ಪ್ರಾರ್ಥನೆಗೆ ಹೆಸರು ಓದುವ ಹೊತ್ತು

ಮಿಲ್‌ಬ್ರಾಂಚ್, ಅಲಬಾಮಾ
ಅಕ್ಟೋಬರ್ 11, 1998

ನನ್ನ ಥರ್ಮನ್‌ಗೆ,

ದೇವರ ದಯೆಯಿಂದ ಚೆನ್ನಾಗಿದ್ದೇನೆ; ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರಿಸಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ನನಗೆ ಪುರುಸೊತ್ತೇ ಪುರುಸೊತ್ತು. ಕ್ಷಮಿಸು, ಕಂದ.

ನಮ್ಮ ಚರ್ಚಿನ ಹಿರಿಯರಾದ ಎಲ್ಡರ್ ಮಾಬ್ರಿ ಕಣ್ಣು ಮುಚ್ಚಿದ ಆರೇ ತಿಂಗಳಿಗೆ ಅವರ ಮಕ್ಕಳು ನಮ್ಮ ರೇಡಿಯೊ ಸ್ಟೇಷನ್ನನ್ನು ದೂರದ ಕಂಪನಿಗೆ ಮಾರಿದ್ದು ನಿನಗೆ ಗೊತ್ತೇ ಇದೆ. ಅವರದೂ ಯೇಸುವಿನ ಹಾಡೇ. ಆದರೆ ಎಲ್ಲವೂ ಉಪಗ್ರಹದಿಂದ ಬರುತ್ತದೆ, ನಮ್ಮ ಊರು ಎಲ್ಲಿದೆಯೆಂದು ಹಾಡುವವರಿಗೆ ಗೊತ್ತಿಲ್ಲ. ನಮ್ಮ ಚರ್ಚಿನ ಹಾಡುಗಾರರಿಲ್ಲ, ಸಾವಿನ ಸುದ್ದಿಯಿಲ್ಲ, ಹತ್ತೊಂಬತ್ತು ವರ್ಷ ನಾನು ಬೆಳಿಗ್ಗೆ ಓದಿದ ಪ್ರಾರ್ಥನೆಯ ಪಟ್ಟಿಯೂ ಇಲ್ಲ.

ಪಕ್ಕದ ಮನೆಯ ಓಲಾ ಮೇ ನಿನ್ನೆ ಬೇಲಿಗೆ ಒರಗಿಕೊಂಡು, "ವರ್ಲೀನ್, ಇನ್ಮೇಲೆ ನಾನು ಸತ್ರೆ ಯಾರಿಗೆ ಗೊತ್ತಾಗುತ್ತೆ?" ಎಂದಳು.

"ನಿನ್ ಬಾಯಿ ನಿಂತ್ರೆ ಊರಿಗೆಲ್ಲಾ ಗೊತ್ತಾಗುತ್ತೆ, ಬಿಡು," ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು.

ಕೊನೆಯ ದಿನ ಸ್ಟೇಷನ್ನಿಗೆ ಜನ ಸಿಹಿಗೆಣಸಿನ ಪೈ ಹೊತ್ತು ಬಂದಿದ್ದರು, ಸಾವಿನ ಮನೆಗೆ ತರುವ ಹಾಗೆ. ಕಂಪನಿಯ ಹುಡುಗಿ ಒಳ್ಳೆಯವಳು. "ಅಮ್ಮಾ, ಏಳಕ್ಕೆ ಸರಿಯಾಗಿ ತಾನಾಗೇ ಉಪಗ್ರಹದ ಹಾಡಿಗೆ ಬದಲಾಗ್ಬಿಡುತ್ತೆ, ತಡೆಯೋದು ನನ್ ಕೈಲಿಲ್ಲ," ಎಂದು ಮೊದಲೇ ಹೇಳಿದ್ದಳು. ನಾನು ಒಂದೊಂದು ಹೆಸರನ್ನೂ ನಿಧಾನವಾಗಿ ಓದಿದೆ. ಹಾಸಿಗೆ ಹಿಡಿದವರು, ಆಸ್ಪತ್ರೆಯಲ್ಲಿರುವವರು, ಜೈಲಿನಲ್ಲಿರುವ ಮಕ್ಕಳು. ನಮ್ಮ ಚರ್ಚಿನ ಲೊರೆಟಾ ತನ್ನ ಮಗನ ಹೆಸರನ್ನು ಜೈಲಿನ ಹೆಸರಿನ ಸಮೇತ ಪ್ರತಿ ವಾರ ಬರೆಸುತ್ತಿದ್ದಳು. ಅವಳ ಧೈರ್ಯ ಕಂಡು ನನಗೆ ಸಿಟ್ಟು ಬರುತ್ತಿತ್ತು.

ನಿನ್ನನ್ನು ಒಂಬತ್ತು ವರ್ಷದಿಂದ "ನಮ್ಮಿಂದ ದೂರವಿರುವ ಒಬ್ಬ ಮಗ" ಎಂದೇ ಓದಿದೆ. ನಲವತ್ತು ಮೈಲಿ ಆಚೆ ಜೈಲಿನಲ್ಲಿ ನೀನು ರೇಡಿಯೊಗೆ ಕಿವಿಗೊಟ್ಟು ಕೂತಿರುತ್ತೀಯೆಂದು ತಿಳಿದೂ ಹಾಗೇ ಓದಿದೆ. "ಒಂದ್ಸಲ ನನ್ ಹೆಸ್ರು ಹೇಳಮ್ಮಾ," ಎಂದು ನೀನು ಬರೆದದ್ದು ಒಂದೇ ಸಲ. ಮತ್ತೆ ಕೇಳಲಿಲ್ಲ.

ಚಳಿ ಶುರುವಾಗಿದೆ, ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಹಾಕಿಕೋ. ಜಗಳಕ್ಕೆ ಹೋಗಬೇಡ. ನಿನ್ನನ್ನು ಕಾಯುವ ದೇವರಿಗೆ ಯಾವ ಸ್ಟೇಷನ್ನೂ ಬೇಕಿಲ್ಲ. ಆತ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅಮ್ಮ,
ವರ್ಲೀನ್ ಟಬ್ಸ್

ಮರೆತ ಮಾತು: ಮರೆತಿರಲಿಲ್ಲ, ತಪ್ಪಿಸಿಕೊಳ್ಳುತ್ತಿದ್ದೆ. "ನೀನು ಬ್ಯೂಲಾ ಅತ್ತೆ ಸೊಂಟದ ಆಪರೇಷನ್ ಓದ್ತಿದ್ದಾಗ್ಲೇ ಕಂಪನಿ ಹಾಡು ಬಂದ್ಬಿಡ್ತು, ಆಮೇಲೆ ಯಾರ ಹೆಸ್ರಿತ್ತು?" ಎಂದು ಕೇಳಿದ್ದೀಯಲ್ಲ. ಒಂದೇ ಹೆಸರಿತ್ತು. ಥರ್ಮನ್ ಟಬ್ಸ್, ನನ್ನ ಮಗ. ಮೈಕಿನ ಕೆಂಪು ದೀಪ ಆರಿದ್ದನ್ನು ನೋಡದೆ ಅದನ್ನು ಗಟ್ಟಿಯಾಗಿಯೇ ಓದಿದೆ. "ಅಮ್ಮಾ, ಅದು ರೇಡಿಯೊದಲ್ಲಿ ಹೋಗ್ಲಿಲ್ಲ," ಎಂದಳು ಆ ಹುಡುಗಿ. ಎಲ್ಲರೂ ಕಂಪನಿಯನ್ನು ಬೈಯುತ್ತಾರೆ, ನಾನೂ ಬೈದೆ. ಆದರೆ ಪಟ್ಟಿ ಬರೆದವಳು ನಾನು. ನಿನ್ನನ್ನು ಮೊದಲು ಬರೆಯಬಹುದಿತ್ತು. ಅಷ್ಟು ಹೊತ್ತಿಗೆ ಅರ್ಧ ಊರು ರೇಡಿಯೊ ಆರಿಸಿ ಕೆಲಸಕ್ಕೆ ಹೋಗಿರುತ್ತದೆಂದು ಕೊನೆಗೆ ಇಟ್ಟೆ.