ಫಾರ್ಮಿನಲ್ಲಿ ಬರೆದ ಹೆಸರು

ನವೆಂಬರ್ ೧೨, ಮಂಗಳವಾರ

ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದಗಳು. ಕಾಲಿನ ಬಾವು ಇಳಿಯಿತೇ? ಆರು ತಿಂಗಳು ತುಂಬಿದೆ. ಹೆರಿಗೆಯವರೆಗೂ ಹಾಸಿಗೆ ಬಿಡಬೇಡ ಎಂದು ಡಾಕ್ಟರು ಹೇಳಿದ್ದಾರೆ, ನೆನಪಿರಲಿ. ಎರಡು ಸಲ ಕಳೆದುಕೊಂಡವಳು ನೀನು.

ಹೋದ ವಾರ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. ಈ ಊರಲ್ಲಿ ನಂಗೆ ಯಾರೂ ಇಲ್ಲ, ಯಾರೂ ಬೇಕಾಗೂ ಇಲ್ಲ, ನಿಂಗೂ ಗೆಳತಿ ಅಂತ ಒಬ್ಬಳೇ ಇದ್ದಳಲ್ಲ, ಸಾಕಾಗ್ಲಿಲ್ವಾ ಎಂದೆ. ಸಾಕಾಗಲಿಲ್ಲ ಮಗಳೇ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನನ್ನ ಎದೆಯಲ್ಲಿ ಒಂದು ಸಣ್ಣ ಗಡ್ಡೆ ಇತ್ತು. ಹೋದ ತಿಂಗಳು ಆಪರೇಷನ್ ಮಾಡಿ ತೆಗೆದರು. ಹೇಳಿದರೆ ನೀನು ಹೊರಟು ಬಂದುಬಿಡುತ್ತೀಯೆಂದು ಹೇಳಲಿಲ್ಲ. ಈಗ ಎಲ್ಲ ಮುಗಿಯಿತು. ಗಾಬರಿಯಾಗಬೇಡ.

ಆಸ್ಪತ್ರೆಯಲ್ಲಿ ಒಂದು ಫಾರ್ಮು ಕೊಟ್ಟಿದ್ದರು. ಜೊತೆಗೆ ಇರುವವರು ಯಾರು ಎಂದು ಅದರಲ್ಲಿ ಒಂದು ಸಾಲು. ಯೋಚಿಸಲೇ ಇಲ್ಲ, ನನ್ನ ಆ ಗೆಳತಿ ಕಡ್ಡಿಯ ಹೆಸರು ಬರೆದೆ. ಅವಳ ಫೋನ್ ನಂಬರೂ ಬರೆದೆ. ಅವಳು ಹೋಗಿ ಆಗ ಏಳು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ ಎಲ್ಲ ಕಾಗದದ ಮೇಲೂ ಅದೇ ಹೆಸರು ಬರೆದ ಕೈ, ಅದಕ್ಕೇನು ಗೊತ್ತು.

ಎರಡು ದಿನ ಬಿಟ್ಟು ಗುಮಾಸ್ತೆ ಕರೆಸಿದಳು. ಅಮ್ಮಾ, ಈ ನಂಬರಿಗೆ ಮಾಡಿದ್ವಿ, ಅವರ ಸೊಸೆ ಎತ್ತಿಕೊಂಡ್ರು, ಅತ್ತೆ ತೀರಿಕೊಂಡಿದಾರೆ ಅಂತ ಅಳೋಕೆ ಶುರು ಮಾಡಿದ್ರು ಎಂದಳು. ಆಮೇಲೆ ದನಿ ತಗ್ಗಿಸಿ, ಬೇರೆ ಯಾರದಾದ್ರೂ ಕೊಡಿ, ಜೊತೆಗೆ ಒಬ್ಬರಿಲ್ದೆ ತಾರೀಕು ಕೊಡೋ ಹಾಗಿಲ್ಲ, ತಡ ಮಾಡೋ ಕಾಯಿಲೆ ಅಲ್ಲ ಇದು ಎಂದಳು. ಪೆನ್ನು ಹಿಡಿದು ಬೆಂಚಿನ ಮೇಲೆ ಕೂತೆ. ನಿನ್ನ ಹೆಸರು ಬರೆಯುವ ಹಾಗಿರಲಿಲ್ಲ. ಇನ್ನೊಂದು ಹೆಸರು ಹೊಳೆಯಲಿಲ್ಲ. ಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದೆ.

ನಮ್ಮ ಲಾಂಡ್ರಿಯನ್ನು ನೀನು ನೋಡಿದ್ದೀಯ. ಹಾಸಿಗೆಯ ದೊಡ್ಡ ಬಟ್ಟೆ ಮಡಚಲು ಇಬ್ಬರು ಬೇಕು. ಎರಡು ತುದಿ ಕಡ್ಡಿಯದು, ಎರಡು ತುದಿ ನನ್ನದು. ಅವಳು ಹೋದಮೇಲೆ ಮೇಸ್ತ್ರಿ ಹೊಸಬಳನ್ನು ಜೋಡಿ ಮಾಡಲು ಬಂದ. ನಾನು ಒಪ್ಪಲಿಲ್ಲ. ದಿಂಬಿನ ಚೀಲಗಳನ್ನು ಕೇಳಿ ಪಡೆದೆ. ಅದಕ್ಕೆ ಒಬ್ಬಳೇ ಸಾಕು. ಕಡ್ಡಿ ಇದ್ದಾಗಲೂ ನಾವಿಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಬೇರೆ ಕೂತು ಊಟ ಮಾಡುತ್ತಿದ್ದೆವು. ಉಳಿದವರನ್ನು ಆಡಿಕೊಂಡು ನಗುತ್ತಿದ್ದೆವು. ಇಸ್ತ್ರಿಯವಳು ಸದಾ ಆವಿಯ ನಡುವೆ ನಿಂತು ಗೊಣಗುತ್ತಾಳೆಂದು ಅವಳಿಗೆ ಹೊಗೆಬಂಡಿ ಎಂದು ಹೆಸರಿಟ್ಟಿದ್ದೆವು. ಅದು ನಮ್ಮಿಬ್ಬರ ಗುಟ್ಟು ಎಂದುಕೊಂಡಿದ್ದೆ.

ಅವತ್ತು ಮಧ್ಯಾಹ್ನ ಆ ಇಸ್ತ್ರಿಯವಳ ಮುಂದೆಯೇ ಹೋಗಿ ನಿಂತೆ. ಯಾಕೆ ಅವಳೇ ಎಂದರೆ, ಬೇರೆಯವರೆಲ್ಲ ಊಟಕ್ಕೆ ಹೋಗಿದ್ದರು, ಅಷ್ಟೇ. ಫಾರ್ಮು ತೋರಿಸಿದೆ. ಅವಳು ಪೂರ್ತಿ ಓದಿ, ಏನಮ್ಮಾ, ಹೊಗೆಬಂಡಿ ಹತ್ತೋ ಹಾಗಾಯ್ತಾ ಈಗ ಎಂದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಿನಗೆ ಗೊತ್ತಿತ್ತಾ ಎಂದೆ. ಹದಿನಾರು ವರ್ಷದಿಂದ ಗೊತ್ತು, ನೀವಿಬ್ರು ಪಿಸುಗುಟ್ಟಿದ್ದು ಬೀದಿಗೆ ಕೇಳಿಸ್ತಿತ್ತು ಎಂದಳು. ಆಮೇಲೆ ಪೆನ್ನು ಕಿತ್ತುಕೊಂಡು, ಇಸ್ತ್ರಿಮೇಜಿನ ಮೇಲೇ ತನ್ನ ಹೆಸರು ಬರೆದಳು. ಅಕ್ಷರ ಆವಿಗೆ ಸ್ವಲ್ಪ ಹರಡಿತು.

ಅವಳಿಂದ ಎಲ್ಲವೂ ಆಗಲಿಲ್ಲ, ಅದನ್ನೂ ಕೇಳು. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಗಂಡನಿದ್ದಾನೆ. ಹಗಲು ನಾನಿರ್ತೀನಿ, ಸಂಜೆ ಮೇಲೆ ಆಗಲ್ಲ ಎಂದು ಮೊದಲೇ ಹೇಳಿದಳು. ಹರಿದ ಬಟ್ಟೆ ಹೊಲಿಯುವ ಅಜ್ಜಿಯನ್ನು ಕೇಳಿದೆ. ನಂಗೆ ಆಸ್ಪತ್ರೆ ವಾಸನೆಗೇ ತಲೆ ಸುತ್ತುತ್ತೆ ಕಣೇ, ಗಂಜಿ ಕಾಯಿಸಿ ಕಳಿಸ್ತೀನಿ, ಒಳಗೆ ಮಾತ್ರ ಕರೀಬೇಡ ಎಂದರು. ರಾತ್ರಿಗೆ ಬಂದವಳು ಯಾರು ಗೊತ್ತೇ? ನಾನು ಜೋಡಿಯಾಗಿ ಬೇಡವೆಂದ ಆ ಹೊಸಬಳು. ನಾನು ಕೇಳಿ ಮುಗಿಸುವ ಮೊದಲೇ ಅವಳೇ, ಬರ್ತೀನಿ ಬಿಡಿ ಅಕ್ಕ, ಗೊರಕೆ ಹೊಡೀತೀನಿ ಅಷ್ಟೇ ಎಂದಳು. ಹೊಡೆದಳು ಕೂಡ.

ಯಾರೂ ಕಡ್ಡಿಯಾಗಲಿಲ್ಲ. ಅವರೆಲ್ಲ ಇದ್ದರೂ ಅವಳಿಲ್ಲದ ನೋವು ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ಒಬ್ಬಳ ಹೆಗಲಿಗೇ ನನ್ನ ಇಡೀ ಬದುಕನ್ನು ನೇತುಹಾಕಿದ್ದೆನಲ್ಲ, ಅವಳಿಗೆ ಎಷ್ಟು ಭಾರವಾಗಿತ್ತೋ, ಒಂದು ದಿನವೂ ಕೇಳಲಿಲ್ಲ. ಅದು ಈಗ ಸುಡುತ್ತದೆ.

ಆದ್ದರಿಂದ ನನ್ನ ಮಾತು ಕೇಳು. ನಿನ್ನ ಎದುರು ಮನೆಯವಳು ಎರಡು ಸಲ ಬಾಗಿಲು ತಟ್ಟಿದಳು, ನಾನು ತೆಗೆಯಲಿಲ್ಲ ಎಂದೆಯಲ್ಲ. ಇನ್ನೊಂದು ಸಲ ತಟ್ಟಿದರೆ ತೆಗೆ. ತಟ್ಟದಿದ್ದರೆ ಅಳಿಯಂದಿರನ್ನು ಕಳಿಸಿ ಕರೆಸು. ಏನಾದರೂ ಸಣ್ಣದು ಕೇಳು. ಕೇಳುವಾಗ ಮುಖ ಕೆಂಪಾಗುತ್ತದೆ, ಆಗಲಿ.

ನಾನು ಚೆನ್ನಾಗಿದ್ದೇನೆ. ನನ್ನ ಬಗ್ಗೆ ಚಿಂತೆ ಬೇಡ.

ಇಂತಿ ನಿನ್ನನ್ನೇ ನೆನೆಯುತ್ತಿರುವ
ಅಮ್ಮ

ನಿಮ್ಮಮ್ಮ ಬರೆಯದೆ ಬಿಟ್ಟ ಮಾತು: ತಂಗಿ, ನಾನು ಇಸ್ತ್ರಿಯವಳು. ಅಂಚೆಗೆ ಹಾಕು ಎಂದು ನಿಮ್ಮಮ್ಮ ಇದನ್ನು ಕೊಟ್ಟಳು, ಓದಿಬಿಟ್ಟೆ. ಇದರಲ್ಲಿ ಎಲ್ಲ ಮುಗಿಯಿತು ಎಂದಿದೆ. ಮುಗಿದಿಲ್ಲ. ಎಡಗಡೆಯ ಎದೆಯನ್ನು ಪೂರ್ತಿ ತೆಗೆದಿದ್ದಾರೆ. ಸೋಮವಾರದಿಂದ ಔಷಧಿ ಏರಿಸುತ್ತಾರೆ, ಐದಾರು ತಿಂಗಳು ಆಗಬಹುದು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಹೆತ್ತ ಮಗಳಿಗೆ ತಿಳಿಯದೆ ನಾವು ಮೂವರು ಹೊತ್ತುಕೊಳ್ಳುವ ವಿಷಯ ಇದಲ್ಲ. ನೀನು ಹಾಸಿಗೆ ಬಿಟ್ಟು ಬರಬೇಡ, ಇಲ್ಲಿ ನಾವಿದ್ದೇವೆ. ದಿನಾ ಮಧ್ಯಾಹ್ನ ಒಂದಕ್ಕೆ ಅವಳಿಗೆ ಫೋನ್ ಮಾಡು. ಆ ಹೊತ್ತಿಗೆ ಅವಳು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾಳೆ, ಯಾಕೆ ಎಂದು ಕೇಳಿದರೂ ಹೇಳುವುದಿಲ್ಲ.