ಈಗ ಬರಬೇಡ, ಯಮುನಾ

ನಾಪೋಕ್ಲು
5 ಸೆಪ್ಟೆಂಬರ್ 2023

ಯಮುನಾ, ನನ್ನ ಕಳ್ಳಿ ಮಗಳೇ,

ಫೋನಿನಲ್ಲಿ ನೀನು ಅಳುತ್ತೀ, ಅದನ್ನು ಕೇಳಿ ನಾನೂ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಅನುಶ್ರೀ ಇದರ ಫೋಟೋ ತೆಗೆದು ಕಳಿಸುತ್ತಾಳೆ.

ಕೆನಡಾದ ಉತ್ತರದ ಆ ಊರಿನ ಆಸ್ಪತ್ರೆಯಲ್ಲಿ ನನ್ನ ಮಗಳು ನರ್ಸ್ ಎಂದು ನಾಲ್ಕು ವರ್ಷದಿಂದ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಕಾಡಿನ ಬೆಂಕಿ ಹತ್ತಿರ ಬಂದು ಊರಿಗೆ ಊರೇ ಖಾಲಿ ಮಾಡಿಸಿದರಲ್ಲ, ಆ ವಿಡಿಯೋ ಅನುಶ್ರೀ ತೋರಿಸಿದಳು. ಹೊಗೆಯ ನಡುವೆ ಒಂದು ಬಸ್ಸು. ಸ್ಟೇರಿಂಗ್ ಹಿಡಿದು ಕೂತವಳು ನೀನು! ಇಲ್ಲಿನ ನರ್ಸಿಂಗ್ ಸರ್ಟಿಫಿಕೇಟ್ ಅಲ್ಲಿ ನಡೆಯಲಿಲ್ಲ, ಮೊದಲಿನಿಂದಲೂ ಬಸ್ಸೇ ಓಡಿಸುತ್ತಿದ್ದೇನೆ ಎಂದು ಆಮೇಲೆ ನೀನೇ ಒಪ್ಪಿಕೊಂಡೆ. ಸಿಟ್ಟು ಬಂತು. ನಾಲ್ಕು ವರ್ಷ ನನ್ನ ಕಿವಿಗೆ ಹೂವಿಟ್ಟೆಯಲ್ಲ! ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಈಗ ಬೆಂಕಿ ತಣ್ಣಗಾಗಿ, ಜನರನ್ನು ವಾಪಸ್ ಮುಟ್ಟಿಸಲು ಡ್ರೈವರುಗಳನ್ನು ಕರೆಯುತ್ತಿದ್ದಾರಂತೆ. ನೀನು ಮಾತ್ರ ಮಾನ ಹೋಯಿತು, ಕೆಲಸ ಬಿಟ್ಟು ಮನೆಗೆ ಬರುತ್ತೇನೆ ಎನ್ನುತ್ತೀ. ಬರಬೇಡ.

ಮೊನ್ನೆ ನಿನ್ನ ಮಾವ ಆನಂದ್ ಬಂದಿದ್ದ. “ಅಕ್ಕ, ಅವ್ಳನ್ನ ಕರ್ಸ್ಕೊ. ಬಸ್ ಓಡ್ಸಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಜನ ಏನಂತಾರೆ?” ಅಂದ. ಕಾಫಿ ಲೋಟ ಅವನ ಮುಂದೆ ಕುಕ್ಕಿದೆ. “ಬೆಂಕಿ ಬಂದಾಗ ಐವತ್ತು ಜನ ಅವ್ಳ ಬಸ್ಸಲ್ಲಿ ಬದುಕಿದ್ರು. ನಿನ್ ಜನ ಯಾರನ್ನ ಬದುಕ್ಸಿದ್ರು ಹೇಳು?” ಎಂದೆ. ಅರ್ಧ ಲೋಟ ಕುಡಿದು ಎದ್ದು ಹೋದ.

ಊರು ಬಿಟ್ಟ ದಿನ ನಿನ್ನ ಬಸ್ಸಿನಲ್ಲಿ ಮಡಿಲಲ್ಲಿ ಬೆಕ್ಕಿಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು, ವಾಪಸ್ಸೂ ನೀನೇ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದಾಗ ಹೂಂ ಎಂದೆಯಂತೆ. ಹೂಂ ಎಂದ ಮೇಲೆ ಮುಗಿಯಿತು. ಹೋಗಿ ಅವಳನ್ನು ಮನೆ ಮುಟ್ಟಿಸು.

2018ರಲ್ಲಿ ಗುಡ್ಡ ಜರಿದಾಗ ನೀನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಎಸ್ಟೇಟಿನ ಪಿಕಪ್ ಡ್ರೈವರ್ ಗುಂಡ, ಅಂದರೆ ನಿನ್ನಪ್ಪ, ಕೂಲಿಯವರ ಲೈನ್‌ಮನೆಗಳ ಹದಿನಾಲ್ಕು ಜನರನ್ನು ಕೆಳಗಿಳಿಸಿದ ಎಂದು ಸಾಹುಕಾರರು ಶಾಲು ಹೊದಿಸಿದರು. ಗೋಡೆಗೆ ಹಾಕಿದ್ದ ಆ ಶಾಲಿನ ಫೋಟೋ ನೆನೆದೇ ಬೆಂಕಿಯ ದಿನ ಬಸ್ ಹತ್ತಿದೆ ಎಂದು ನೀನು ಹೇಳಿದೆ. ಪರಿಹಾರ ಕ್ಯಾಂಪಿನಿಂದ ವಾಪಸ್ ಬಂದಾಗ ನಮ್ಮ ಅಡುಗೆಮನೆಗೆ ಗೋಡೆಯೇ ಇರಲಿಲ್ಲ. ನಾನು ಊರು ಬಿಟ್ಟೆನಾ? ಮೂರು ಕಲ್ಲಿಟ್ಟು ಒಲೆ ಹಚ್ಚಿದೆ.

ರಜೆ ಹಾಕಿ ಬಾ, ಕೋಳಿ ಸಾರು ಮಾಡುತ್ತೇನೆ. ಮುಖ ಮುಚ್ಚಿಕೊಂಡು ಬಂದರೆ ಬಾಗಿಲು ತೆಗೆಯುವುದಿಲ್ಲ, ನೋಡು.

ನಿನ್ನ ಅವ್ವ,
ಮುತ್ತಿ

ಇನ್ನೊಂದು ಮಾತು. ನಿನಗೆ ಕಳ್ಳಿ ಎನ್ನುವ ಮೊದಲೇ ಹೇಳಬೇಕಿತ್ತು. ಗುಡ್ಡ ಜರಿದ ದಿನ ನಿನ್ನಪ್ಪ ಹೆದರಿ ಪಿಕಪ್ಪಿನ ಬೀಗದ ಕೈಯನ್ನು ಕೆಸರಿಗೆ ಬೀಳಿಸಿದ. ಜನರ ಜೊತೆ ಹಿಂದೆ ಹತ್ತಿ, ನಮ್ಮ ಮೇಕೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತ. ಪಿಕಪ್ ಓಡಿಸಿದ್ದು ನಾನು. ಭಾನುವಾರಗಳಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಅವನೇ ಕಲಿಸಿದ್ದ. ನನಗೆ ಲೈಸೆನ್ಸ್ ಇರಲಿಲ್ಲ. ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತದೆ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಇವತ್ತು ಆ ಶಾಲಿನ ಫೋಟೋ ಗೋಡೆಯಿಂದ ಇಳಿಸಿದೆ, ಸ್ಟೂಲ್ ಹಿಡಿದುಕೊಂಡಿದ್ದು ನಿನ್ನಪ್ಪನೇ. ವಿಡಿಯೋದಲ್ಲಿ ನೀನಿರುವ ಚಿತ್ರವನ್ನು ಅನುಶ್ರೀ ಪ್ರಿಂಟ್ ಹಾಕಿಸಿ ತರುತ್ತಾಳೆ. ಅದೇ ಮೊಳೆಗೆ ತೂಗುಹಾಕುತ್ತೇನೆ.