ಹೊಳಪು ಕಳೆಯುವ ಗಾಜು

ಭಾವನವರಿಗೆ ನಮಸ್ಕಾರ.

ಬದುಕಿದ್ದೇನೆ, ಅದನ್ನೇ ಮೊದಲು ಬರೆದುಬಿಡುತ್ತೇನೆ. ಬೆಳಗ್ಗೆ ಇಲ್ಲಿನ ಸರೋವರದ ಫೋಟೊ ತೆಗೆಯಲು ಹೋಗಿದ್ದೆ. ದಡದ ಬಂಡೆಗಳ ನಡುವೆ ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಪಾದ ಮುಳುಗುವಷ್ಟೇ ಅಂದುಕೊಂಡು, ಪ್ಯಾಂಟು ಮಡಚಿ, ಆಚೆ ಬಂಡೆಗೆ ದಾಟಲು ಹೊರಟೆ. ಅಷ್ಟರಲ್ಲಿ ನಿಮ್ಮ ತಂಗಿ ತೀರಿಕೊಳ್ಳುವ ಮುಂಚೆ ಆರಿಸಿಕೊಟ್ಟ ಪೋಲರೈಸರ್ ಫಿಲ್ಟರ್ ಗಾಜು ನೆನಪಾಯಿತು. ‘ಕ್ಯಾಮೆರಾಕ್ಕೂ ಕನ್ನಡಕವೇನಯ್ಯಾ?’ ಅಂತ ನೀವು ಆಡಿಕೊಂಡಿದ್ದಿರಲ್ಲ, ಅದೇ. ಲೆನ್ಸಿಗೆ ಸಿಕ್ಕಿಸಿ, ನೋಡುತ್ತಾ ಮೆಲ್ಲಗೆ ತಿರುಗಿಸಿದೆ. ನೀರಿನ ಹೊಳಪೆಲ್ಲ ಅಳಿಸಿಹೋಯಿತು. ಕೆಳಗೆ ತಳವೇ ಇಲ್ಲ, ಭಾವ! ಬಂಡೆ ಗೋಡೆಯ ಹಾಗೆ ನೇರ ಇಳಿದು ಕಪ್ಪಾಗಿಬಿಟ್ಟಿತ್ತು. ನನಗೆ ಈಜು ಬರುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಕೂತುಕೊಂಡೇ ಹಿಂದಕ್ಕೆ ತೆವಳಿದೆ.

ಲಾಡ್ಜಿನ ಒಡತಿ ಕೇಳಿ, “ನಿಮ್ಮ ಪುಣ್ಯ ದೊಡ್ಡದು, ಯಜಮಾನ್ರೇ. ಹೋದ ವರ್ಷ ಅಲ್ಲಿ ಇಳಿದವರದ್ದು ಚಪ್ಪಲಿ ಮಾತ್ರ ಸಿಕ್ತು” ಅಂದಳು. ಹೀಗೂ ಸಮಾಧಾನ ಹೇಳುತ್ತಾರೆಯೇ? ಕಾಲೇಜಿನಲ್ಲಿ ಕಲಿತದ್ದೊಂದು ಇತ್ತು, ‘ಲುಕ್ ಬಿಫೋರ್ ಯು...’ ಏನೋ, ಮುಂದಿನದು ಆ ನೀರಲ್ಲೇ ಬಿದ್ದುಹೋಯಿತು.

ಬಿಪಿ ಮಾತ್ರೆ ತಪ್ಪಿಸಿಲ್ಲ. ಮಗಳಿಗೆ ಈ ಕಾರ್ಡ್ ತೋರಿಸಬೇಡಿ. ಈಗಷ್ಟೇ ರೂಮು ಒರೆಸಿ ಹೋದರು, ಒದ್ದೆ ನೆಲ ಹೊಳೆಯುತ್ತಿದೆ. ಕಾಲು ಮಡಚಿ ಮಂಚದ ಮೇಲೇ ಕೂತಿದ್ದೇನೆ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಆ ಗಾಜನ್ನು ಕಣ್ಣಿಗೆ ಹಿಡಿದು, ಕೆಳಗೆ ನೆಲ ಇದೆಯೆಂದು ನೋಡಿಕೊಂಡೇ ಇಳಿಯಬೇಕು.

ಅವಸರದಲ್ಲಿ,
ನಿಮ್ಮ ತಂಗಿಯ ಗಂಡ